ವಾಪಸ್ ಬಂದ ಸಾಮಾನು

ಮನೆಯೊಳಗೆ ಕಾಲಿಟ್ಟ ಕೂಡಲೇ ಏನೇನು ನೋಡಬೇಕು ಎಂದು ಕೊಳ್ಳೇಗಾಲದ ಆಫೀಸಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಮೊದಲು ಕಾಲ ಕೆಳಗಿನ ನೆಲ, ಮಣ್ಣೋ ಗಾರೆಯೋ ಟೈಲ್ಸೋ. ತಲೆಯ ಮೇಲೆ ಹೆಂಚೋ ಶೀಟೋ ತಾರಸಿಯೋ. ಅಡಿಗೆ ಸೌದೆಯಲ್ಲೋ ಗ್ಯಾಸಿನಲ್ಲೋ. ಆಮೇಲೆ ಸಾಮಾನು: ಮಂಚ, ಬೀರು, ಟಿ.ವಿ., ಮಿಕ್ಸಿ, ಫ್ರಿಡ್ಜ್, ಬೈಕು. ಸಂಪಾದನೆ ಎಷ್ಟು ಎಂದು ಕೇಳುವಂತಿಲ್ಲ. ಕೇಳಿದರೂ ಕೂಲಿಯವರಿಗೆ ತಿಂಗಳ ಲೆಕ್ಕ ಗೊತ್ತಿರುವುದಿಲ್ಲ, ಅನುಕೂಲಸ್ಥರು ನಿಜ ಹೇಳುವುದಿಲ್ಲ. ಸಾಮಾನಾದರೆ ಕಣ್ಣಿಗೆ ಕಾಣುತ್ತದಲ್ಲ ಎನ್ನುತ್ತಿದ್ದರು ನಮ್ಮ ಮೇಲ್ವಿಚಾರಕರಾದ ವೃಷಭೇಂದ್ರಪ್ಪ ಸಾರ್.

ಹೃದಯದ ಕಾಯಿಲೆಯಿಂದ ಬಡವರು ಎಷ್ಟು ಸಾಯುತ್ತಾರೆ, ಅನುಕೂಲಸ್ಥರು ಎಷ್ಟು ಸಾಯುತ್ತಾರೆ, ಇಬ್ಬರ ನಡುವಿನ ಅಂತರ ಎಷ್ಟು ಎಂದು ಅಳೆಯುವುದು ಮೈಸೂರಿನ ಒಂದು ಸಂಸ್ಥೆಯ ಅಧ್ಯಯನ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಿಗೆ ನಾವೊಂದಷ್ಟು ಹುಡುಗಿಯರು, ಕೈಗೊಂದು ಟ್ಯಾಬ್. ಪ್ರಶ್ನೆಗಳು ಮುಗಿದ ಮೇಲೆ ಆ ಮನೆ ಯಾವ ದರ್ಜೆಯದು ಎಂದು ಟ್ಯಾಬ್ ತಾನೇ ಹೇಳುತ್ತದೆ. ಒಂದನೆಯದು ಎಲ್ಲಕ್ಕಿಂತ ಮೇಲಿನದು, ಐದನೆಯದು ಏನೂ ಇಲ್ಲದವರದು. ಎದೆಯ ತೊಂದರೆ ಇರುವವರು ಸಿಕ್ಕು, ಅವರ ಮನೆ ನಾಲ್ಕು ಅಥವಾ ಐದನೇ ದರ್ಜೆಯಾಗಿದ್ದರೆ ಸಂಸ್ಥೆಯ ಕಾರು ಮನೆ ಬಾಗಿಲಿಗೆ ಬಂದು ಮೈಸೂರಿಗೆ ಕರೆದೊಯ್ಯುತ್ತದೆ. ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕೆಂದರೆ ಅದು ಮುಗಿಯುವ ತನಕ ಒಬ್ಬರು ಜೊತೆಯಲ್ಲೇ ಇದ್ದು ನೋಡಿಕೊಳ್ಳುತ್ತಾರೆ. ಮೇಲಿನ ಮೂರು ದರ್ಜೆಯವರಿಗೆ ಒಂದು ಚೀಟಿ: ದೊಡ್ಡಾಸ್ಪತ್ರೆಗೆ ತೋರಿಸಿ.

ಡಿಗ್ರಿ ಮುಗಿಸಿ ಧನಗೆರೆಯ ಮನೆಯಲ್ಲಿ ಕೂತಿದ್ದ ನನಗೆ ಸಿಕ್ಕ ಮೊದಲ ಕೆಲಸ ಇದು. ಹೊಸಬರ ಮುಂದೆ ಬಾಯಿ ಒಣಗುವವಳು ನಾನು. ಆದರೆ ಇಲ್ಲಿ ಪ್ರಶ್ನೆ ನನ್ನದಲ್ಲ, ಟ್ಯಾಬಿನದು ಎಂಬ ಧೈರ್ಯವಿತ್ತು. ಒಂದೇ ಒಂದು ಪ್ರಶ್ನೆಯನ್ನು ಮಾತ್ರ ನಾನೇ ವಿವರಿಸಿ ಕೇಳಬೇಕಿತ್ತು. ಕೊನೆಯಲ್ಲಿ ಒಂದು ಏಣಿಯ ಚಿತ್ರ ತೋರಿಸಿ, 'ಮೇಲಿನ ಮೆಟ್ಟಿಲಲ್ಲಿ ಎಲ್ಲ ಇರುವವರು, ಕೆಳಗಿನ ಮೆಟ್ಟಿಲಲ್ಲಿ ಏನೂ ಇಲ್ಲದವರು, ನೀವು ಎಲ್ಲಿದ್ದೀರಿ ಬೆರಳಿಡಿ' ಎನ್ನಬೇಕು. ಹೆಚ್ಚಿನವರು ನಡುವೆ ಇಡುತ್ತಿದ್ದರು. ಹನೂರಿನ ಕಡೆ ಸಿದ್ದಮಲ್ಲಪ್ಪ ಎಂಬ ಮುದುಕರು ಮಾತ್ರ ಚಿತ್ರವನ್ನು ದೂರ ಹಿಡಿದು ನೋಡಿ, "ಇದು ಏಣಿ ಅಲ್ಲ ಕನವ್ವ, ಚಟ್ಟ. ಎಲ್ಡು ಬೊಂಬು, ಅಡ್ಡಕ್ಕೆ ಕಡ್ಡಿ. ಇದ್ರ ಮ್ಯಾಕೆ ಎಲ್ಲಿ ಮನಿಕತ್ತೀಯ ಅಂತ ಈಗ್ಲೇ ಕೇಳಕೆ ಬಂದಿದ್ದೀಯಾ?" ಎಂದಿದ್ದರು. ಅವರ ಹೆಂಡತಿ ಒಳಗಿನಿಂದ, "ತಲೆ ಯಾವ ಕಡೆಗೆ ಅಂತ್ಲೂ ಯೋಳ್ಬುಡಿ, ಬರ್ಕಂಡು ಓಗ್ಲಿ" ಎಂದು ನಕ್ಕಿದ್ದರು.

ಅಗರದ ಜಡೇಸ್ವಾಮಿಯವರ ಮನೆಗೆ ಹೋದದ್ದು ಅದಾದ ಮಾರನೆಯ ವಾರ. ಹೊರಗಿನಿಂದ ನೋಡಿದರೆ ಹಳೆಯ ಹೆಂಚಿನ ಮನೆ, ಹಿಂದಕ್ಕೆ ಇಳಿಬಿಟ್ಟ ಶೀಟು. ಗಂಡ ಹೆಂಡತಿ ಇಬ್ಬರೂ ಕೂಲಿಯವರು, ಕಬ್ಬು ಕಡಿಯುವುದು, ಅರಿಸಿನ ಕೀಳುವುದು. ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಗೋಡೆಗೆ ಒತ್ತಿ ನಿಂತ ಕೆಂಪು ಫ್ರಿಡ್ಜ್, ಪಕ್ಕದಲ್ಲಿ ಕನ್ನಡಿ ಬೀರು, ಅದರ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ. ದಿವಾನ ಮಂಚ, ಅದರ ಮೇಲೆ ಪೆಟ್ಟಿಗೆಯ ಸಮೇತ ಮಿಕ್ಸಿ, ಟಿ.ವಿ., ಸ್ಟೀಲ್ ಕೊಡಗಳು. ಇವೆಲ್ಲದರ ನಡುವೆ ಉಳಿದ ಚಾಪೆಯಗಲದ ನೆಲದಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು ಬೀರುವಿಗೆ ಒರಗಿ ಕೂತಿದ್ದಳು. ರೂಪ, ಆ ಮನೆಯ ಮಗಳು. ಕೂತಲ್ಲೇ ಅವಳ ಕುತ್ತಿಗೆಯ ನರ ಬಡಿಯುವುದು ಕಾಣುತ್ತಿತ್ತು.

ಉತ್ತರವನ್ನೆಲ್ಲ ಹೇಳಿದವರು ತಾಯಿ ಚೆಲುವಮ್ಮನೇ. ಜಡೇಸ್ವಾಮಿ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಆಗಾಗ ತಲೆಯಾಡಿಸುತ್ತಿದ್ದರು.

"ಫ್ರಿಡ್ಜ್ ಇದೆಯಾ ಅಮ್ಮ?"

"ಕಾಣಕಿಲ್ವಾ ಕೂಸು? ಆಳುದ್ದ ನಿಂತದಲ್ಲ."

"ಬೀರು?"

"ಮುಖ ನೋಡ್ಕ ಅದ್ರಲ್ಲಿ, ಅದಾ ಇಲ್ವಾ ಅಂತ."

ಎದೆಯ ತೊಂದರೆ ಯಾರಿಗಾದರೂ ಇದೆಯೇ ಎಂದಾಗ ಮಾತ್ರ ಅವರ ದನಿ ಇಳಿಯಿತು. ರೂಪಳಿಗೆ ಸಣ್ಣವಳಿದ್ದಾಗ ಕೀಲು ಕೀಲೂ ಊದಿಕೊಳ್ಳುವ ಜ್ವರ ಬಂದಿತ್ತಂತೆ. ಈಗ ನಡೆದರೆ ಉಸಿರು ಕಟ್ಟುತ್ತದೆ, ಮಲಗಿದರೂ ಕಟ್ಟುತ್ತದೆ. ಕೂತೇ ನಿದ್ದೆ ಮಾಡುತ್ತಾಳೆ. ಯಳಂದೂರಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಕವಾಟ ಕೆಟ್ಟಿದೆ, ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ ಎಂದಿದ್ದರು. ಜಡೇಸ್ವಾಮಿ ಒಂದು ಸಲ ಕರೆದುಕೊಂಡು ಹೋಗಿದ್ದರು. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳಿಸಿ ಕಳಿಸಿ ಸಾಯಂಕಾಲವಾಯಿತು, ಬೇರೆ ತಾರೀಖು ಬರೆದುಕೊಟ್ಟರು, ಆ ತಾರೀಖಿಗೆ ಹೋಗಲಾಗಲಿಲ್ಲ.

"ನಿಮ್ಮ ಕಾರು ಬತ್ತದಂತಲ್ಲ," ಎಂದರು ಚೆಲುವಮ್ಮ. "ಮಾಂಬಳ್ಳಿಲಿ ಯಾರ್ನೋ ಕರ್ಕಂಡು ಓಯ್ತಂತೆ. ಅದಾದ್ರೆ ಅನುಕೂಲ. ಕೇಳ್ದೋರ್ಗೆ ಕಾಯಿಲೆ ಅನ್ದೆ ಕ್ಯಾಂಪು ಅಂದ್ಬುಡಬೋದು."

ಏಣಿಯ ಚಿತ್ರ ತೋರಿಸಿದೆ. ಚೆಲುವಮ್ಮ ನಡುವೆ ಬೆರಳಿಟ್ಟರು. ರೂಪ ಮೊದಲ ಸಲ ಬಾಯಿಬಿಟ್ಟಳು. "ನನ್ನ ಕೇಳ್ಬೇಡಿ ಅಕ್ಕ. ಏಣಿ ಕಂಡ್ರೇ ನಂಗೆ ಉಸ್ರು ಕಟ್ತದೆ."

ಟ್ಯಾಬ್ ಆ ಮನೆಗೆ ಎರಡನೇ ದರ್ಜೆ ಎಂದು ತೋರಿಸಿತು. ಅದೇ ಊರಿನಲ್ಲಿ ಎರಡಂತಸ್ತಿನ ಮನೆಯ ಪ್ರಭುಸ್ವಾಮಿಯವರಿಗೂ ಎರಡೇ ಬಂದಿತ್ತು. ನಾನು ಚೀಟಿ ಬರೆದು ಚೆಲುವಮ್ಮನ ಕೈಗೆ ಕೊಟ್ಟೆ. ಇದು ಕಾರಿನ ಚೀಟಿ ಅಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ನೀರು ಕೇಳಿದೆ.

ರೂಪ ಎದ್ದು, ಫ್ರಿಡ್ಜಿಗೆ ಕೈ ಊರಿಕೊಂಡೇ ಅಡಿಗೆ ಮನೆಗೆ ಹೋಗಿ ಮಡಕೆಯ ನೀರು ತಂದಳು. ಬರುವಾಗ ಸೆರಗು ಸಿಕ್ಕಿಕೊಂಡು ಫ್ರಿಡ್ಜಿನ ಬಾಗಿಲು ತೆರೆದುಕೊಂಡಿತು. ಒಳಗೆ ದೀಪವಿಲ್ಲ. ಮಡಿಸಿಟ್ಟ ಸೀರೆಗಳು, ಕೆಳಗೆ ರಾಗಿ ಹಿಟ್ಟಿನ ಡಬ್ಬ.

"ತಣ್ಣಗಿರ್ಲಿ ಅಂತಲ್ಲ," ಎಂದಳು ನಾನು ನೋಡಿದ್ದನ್ನು ನೋಡಿ. "ಇಲಿ ಬರಕಿಲ್ಲ ಅಂತ."

ಚೆಲುವಮ್ಮ ಸೌದೆ ತರಲು ಹಿತ್ತಲಿಗೆ ಹೋಗಿದ್ದರು. ರೂಪ ಬಸ್ ನಿಲ್ದಾಣದ ಕಡೆ ಒಂದಿಷ್ಟು ದೂರ ಬರುತ್ತೇನೆಂದು ಹೊರಟು, ಮೂರನೇ ಮನೆಯ ಜಗುಲಿಯಲ್ಲಿ ಕೂತುಬಿಟ್ಟಳು. ಅಲ್ಲಿ ಹೇಳಿದಳು. ಅವಳನ್ನು ಹನೂರಿನ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಸೊಸೆ ಒಂದು ಕೊಡ ನೀರು ಹೊರಲಾರಳು ಎಂಬುದು ಆ ಮನೆಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಕಾಯಿಲೆ ಮುಚ್ಚಿಟ್ಟು ಕೊಟ್ಟಿದ್ದೀರಿ ಎಂದು ನ್ಯಾಯ ಸೇರಿಸಿದರು. ಎರಡೂ ಕಡೆಯ ಹಿರಿಯರು ಕೂತು, ಹುಡುಗಿಯ ಕಡೆಯಿಂದ ಬಂದ ಸಾಮಾನನ್ನು ಒಂದೊಂದಾಗಿ ಹೆಸರು ಹೇಳಿ ಎತ್ತಿಸಿ ಗೂಡ್ಸ್ ಆಟೋಗೆ ತುಂಬಿಸಿದರು. ನಮ್ಮ ಕಡೆ ಅದು ಹಾಗೆಯೇ: ಹೆಣ್ಣನ್ನು ಕಳಿಸುವುದಾದರೆ ಅವಳ ಜೊತೆ ಬಂದ ಚಮಚವನ್ನೂ ಇಟ್ಟುಕೊಳ್ಳುವಂತಿಲ್ಲ.

"ನನ್ನ ಡ್ರೈವರ್ ಪಕ್ಕ ಕೂರ್ಸಿದ್ರು," ಎಂದಳು. "ಇಂದ್ಗಡೆ ಫ್ರಿಡ್ಜಿಗೆ ಅಗ್ಗ ಕಟ್ಟಿದ್ರು, ಬೀಳ್ದಂಗೆ. ಆ ಡ್ರೈವರ್ರು ಅಳ್ಳ ಬಂದಾಗೆಲ್ಲ ಇಂದಕ್ಕೆ ತಿರುಗಿ ಫ್ರಿಡ್ಜ್ ನೋಡವ್ನು, ನನ್ನ ನೋಡ್ನಿಲ್ಲ."

"ಊರಿನವರಿಗೆ ಗೊತ್ತಾ?"

"ಗೊತ್ತಿಲ್ದೆ? ಆದ್ರೆ ನಮ್ಮವ್ವ, ಅಳೀಮಯ್ಯ ಒಸ ಮನೆ ಕಟ್ತಾವ್ರೆ, ಜಾಗ ಇಲ್ಲ ಅಂತ ಅವ್ರ ಸಾಮಾನ ಇಲ್ಲಿ ಮಡಗವ್ರೆ ಅಂತ ಯೋಳ್ಕಂಡವಳೆ. ಊರೋರು ಊಂ ಅಂತಾರೆ. ಆಚೆಮನೆ ಚಾಮುಂಡತ್ತೆ ಅಂತೂ ದಿನಾ ಕೇಳ್ತಳೆ, ನಿನ್ನ ಗಂಡನ ಮನೆ ತಾರಸಿ ಆಯ್ತೇನವ್ವ ಅಂತ."

ಬಸ್ಸಿನಲ್ಲಿ ಕೂತು ನಾನು ಯೋಚಿಸುತ್ತಾ ಬಂದೆ. ಅವಳನ್ನು ಮನೆಗೆ ಕಳಿಸಿದ್ದರಿಂದಲೇ ಆ ಮನೆ ತುಂಬಿತ್ತು. ಮನೆ ತುಂಬಿದ್ದರಿಂದಲೇ ಅವಳಿಗೆ ಕಾರಿಲ್ಲ.

ಮರುದಿನ ವೃಷಭೇಂದ್ರಪ್ಪ ಸಾರ್ ಅವರ ಮೇಜಿನ ಮುಂದೆ ನಿಂತು ಇದನ್ನು ಹೇಳಲು ನನಗೆ ಅರ್ಧ ಬೆಳಗೇ ಬೇಕಾಯಿತು. ಅವರು ಕೆಟ್ಟವರಲ್ಲ. ಕೇಳಿಸಿಕೊಂಡರು.

"ದೀಪ, ನೀನು ಒಂದು ಮನೆಗೆ ಹೀಗೆ ಅಂದರೆ ಇನ್ನೊಬ್ಬಳು ಹತ್ತು ಮನೆಗೆ ಅಂತಾಳೆ. ಆಗ ಅಳತೆಗೆ ಅರ್ಥವೇನು?"

"ಫ್ರಿಡ್ಜ್ ಓಡಲ್ಲ ಸಾರ್. ಸೀರೆ ಇಟ್ಟಿದಾರೆ."

"ಓಡುತ್ತಾ ಅಂತ ಪ್ರಶ್ನೆ ಇಲ್ಲವಲ್ಲಮ್ಮ. ಇದೆಯಾ ಅಂತ ಇರೋದು." ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ದಾರಿ ಇದೆ. ಬೇರೆಯವರ ಸಾಮಾನು ಮನೆಯಲ್ಲಿದ್ದರೆ ಲೆಕ್ಕಕ್ಕೆ ಹಿಡಿಯಬಾರದು ಅಂತ ನಿಯಮ ಇದೆ. ಆದರೆ ಅದನ್ನು ಮನೆಯವರೇ ಹೇಳಬೇಕು, ನೀನಲ್ಲ. ಗುರುವಾರ ಆ ಕಡೆ ಮರುತಪಾಸಣೆ ಇದೆ, ನಾನೇ ಬರ್ತೀನಿ. ನನ್ನೆದುರಿಗೆ ಹೇಳಲಿ. ಆ ಸಾಮಾನು ಬಿಟ್ಟರೆ ಆ ಮನೆ ಐದಕ್ಕೇ ಇಳಿಯುತ್ತೆ."

ನನಗೆ ಕುಣಿಯಬೇಕೆನ್ನಿಸಿತು. ಮಗಳನ್ನು ಗಂಡ ಬಿಟ್ಟಿದ್ದಾನೆ ಎಂದು ಚೆಲುವಮ್ಮ ಯಾರೆದುರಿಗೂ ಹೇಳಬೇಕಾಗಿಲ್ಲ. ಊರಿಗೆ ದಿನವೂ ಹೇಳುವ ಮಾತನ್ನೇ ಸಾರ್ ಎದುರಿಗೂ ಹೇಳಿದರೆ ಸಾಕು, ಇದು ಅಳಿಯನ ಮನೆಯ ಸಾಮಾನು ಎಂದು. ರೂಪಳಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಸಂಜೆ ಅವಳೇ ಮಾಡಿದಳು. "ಅವ್ವಂಗೆ ಯೋಳಿದ್ದೀನಿ ಅಕ್ಕ. ಊಂ ಅಂದವಳೆ. ಕಾರಲ್ಲಿ ಮುಂದ್ಗಡೆ ಕೂರ್ಬೋದಾ? ಇಂದ್ಗಡೆ ಆದ್ರೆ ವಾಂತಿ ಬತ್ತದೆ."

ಗುರುವಾರ ನಾವು ಹೋಗುವ ಹೊತ್ತಿಗೆ ಮನೆ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಪಕ್ಕದ ಮನೆಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ್ದರು. ಆಫೀಸರು ಬರುತ್ತಾರೆಂದು ಕೇಳಿ ಚಾಮುಂಡಮ್ಮನೂ ಇನ್ನಿಬ್ಬರು ಹೆಂಗಸರೂ ಜಗುಲಿಗೆ ಬಂದು ಕೂತಿದ್ದರು. ಚಾಮುಂಡಮ್ಮ ಎಲೆಯಡಿಕೆ ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮದ್ವೆ ಆಗದಾ ಕೂಸು ನಿಂಗೆ? ಇಲ್ವಾ? ಮತ್ತೆ ಊರೂರು ಸುತ್ತಿ ಎಲ್ರ ಮನೆ ಮಂಚ ಎಣಿಸ್ತಿದ್ದೀಯ" ಎಂದರು. ಹೆಂಗಸರು ನಕ್ಕರು. ನಾನು ತಲೆ ತಗ್ಗಿಸಿದೆ.

ಸಾರ್ ಕುರ್ಚಿಯಲ್ಲಿ ಕೂತು ಟ್ಯಾಬ್ ತೆರೆದರು. ನೆಲ, ಸೂರು, ಒಲೆ ಎಲ್ಲ ಕೇಳಿ ಸಾಮಾನಿಗೆ ಬಂದರು. ನಿಧಾನವಾಗಿ, ಪ್ರತಿಯೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದರು.

"ನೋಡಮ್ಮ, ಈ ಫ್ರಿಡ್ಜ್, ಬೀರು, ಮಂಚ, ಟಿ.ವಿ. ಇದೆಲ್ಲ ನಿಮ್ಮ ಮನೆಯದೋ, ಬೇರೆಯವರದು ಇಲ್ಲಿಟ್ಟಿದ್ದಾರೋ?"

ಚೆಲುವಮ್ಮ ಬಾಯಿ ತೆರೆದರು. ಆಮೇಲೆ ಟ್ಯಾಬ್ ಕಡೆ ನೋಡಿದರು.

"ಇದು ಬರ್ಕಂಡ್ರೆ ಎಲ್ಗೆ ಓಯ್ತದೆ ಸಾ?"

"ಮೈಸೂರಿಗೆ ಹೋಗುತ್ತೆ."

"ಗೌರ್ಮೆಂಟ್‌ಗಾ?"

"ಕೊನೆಗೆ ಸರ್ಕಾರದವರೂ ನೋಡ್ತಾರೆ. ಯಾಕಮ್ಮ?"

"ಒಂದ್ಸಾರಿ ಬರ್ಕಂಡ್ರೆ ಅಂಗೇ ಇದ್ದದಾ?"

"ಇರುತ್ತೆ."

ಜಗುಲಿಯಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಚೆಲುವಮ್ಮ ಎದ್ದು ಹೋಗಿ ಫ್ರಿಡ್ಜಿನ ಮೇಲೆ ಕೈಯಿಟ್ಟು ನಿಂತರು.

"ನಮ್ದು ಸಾ. ಎಲ್ಲ ನಮ್ದೆ. ನಾವು ಕೈಯಾರ ಮಾಡ್ಸಿದ್ದು."

ಯಾವತ್ತೂ ನಾಲ್ಕು ಜನರ ನಡುವೆ ಮಾತಾಡದ ನಾನು ಮಾತಾಡಿಬಿಟ್ಟೆ. "ಅಮ್ಮ, ಅಳಿಯನ ಮನೆಯವರು ಇಲ್ಲಿಟ್ಟಿದಾರೆ ಅಂತ ನೀವೇ..."

"ನೀನ್ಯಾರ ಕಡೆಯವ್ಳು ಕೂಸು?" ಚೆಲುವಮ್ಮ ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ. "ಅವ್ರೇನಾದ್ರೂ ಕಳ್ಸವ್ರಾ ನಿನ್ನ?"

ಹೊಸ್ತಿಲಲ್ಲಿದ್ದ ಜಡೇಸ್ವಾಮಿ, "ಅಲ್ಲ ಕಣಮ್ಮಿ, ಆ ಕೂಸು ಯೋಳದೇನಂದ್ರೆ..." ಎಂದು ಶುರುಮಾಡಿದರು.

"ನೀವು ಸುಮ್ಕಿರಿ. ಆವತ್ತು ನ್ಯಾಯ್ದಲ್ಲೂ ಸುಮ್ನೇ ಕುಂತಿದ್ರಲ್ಲ, ಈಗ್ಲೂ ಅಂಗೇ ಇರಿ."

ಸಾರ್ ಹಿಂಜರಿಯುತ್ತಲೇ ರೂಪಳ ಕಡೆ ತಿರುಗಿದರು. "ನೀನು ಹೇಳಮ್ಮ. ನೀನೂ ಈ ಮನೆಯವಳೇ ಅಲ್ವಾ. ಯಾರದು ಇದು?"

ರೂಪ ಬೀರುವಿಗೆ ಒರಗಿ ಕೂತಿದ್ದಳು. ಮೊದಲು ತಾಯಿಯನ್ನು, ಜಗುಲಿಯಲ್ಲಿ ಕತ್ತು ಚಾಚಿದ್ದ ಚಾಮುಂಡಮ್ಮನನ್ನು, ಆಮೇಲೆ ನನ್ನನ್ನು ನೋಡಿದಳು. ಉಸಿರು ಎಳೆದುಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ದೆ ಸಾ."

ಸಾರ್ ಬೆರಳು ಒತ್ತಿದರು. ಎರಡನೇ ದರ್ಜೆ.

ಹೊರಡುವಾಗ ಚೆಲುವಮ್ಮ ನನ್ನನ್ನು ಹಿತ್ತಲ ಕಡೆ ಕರೆದರು. ಸರ್ಕಾರ ಕಟ್ಟಿಸಿಕೊಟ್ಟ ಪಾಯಿಖಾನೆಯ ತುಂಬ ಸೌದೆ ಜೋಡಿಸಿತ್ತು. ಅದಕ್ಕೂ ನಾನು 'ಇದೆ' ಎಂದು ಗುರುತು ಹಾಕಿದ್ದೆ. ಅದರ ಗೋಡೆಗೆ ಒರಗಿ ನಿಂತು ಹೇಳಿದರು. "ಊರೋರ್ಗೆ ಯೋಳದು ಬಾಯಿ ಮಾತು, ಗಾಳಿಗೋಯ್ತದೆ. ನಿಮ್ದು ಬರೆಯೋದು. ಅಳೀಮಯ್ಯಂದು ಅಂತ ನಾನೇ ಬರೆಸ್ಬುಟ್ರೆ, ನಾಳೆ ಅವ್ನು ಅದ್ನೇ ಇಡ್ಕಂಡು ಬಂದ್ರೆ ನಾನೇನ್ ಮಾಡ್ಲಿ? ಸಾಮಾನು ಇದ್ರೆ ಇವತ್ತಲ್ಲ ನಾಳೆ ಕರೀತಾನೆ. ಅದೂ ಕೈಬುಟ್ಟು ಓದ್ರೆ ಇವಳ್ನ ಯಾರು ಕೇಳ್ತಾರೆ?"

"ಅವರಿಗೆ ಸಿಗಲ್ಲಮ್ಮ. ಅದರಲ್ಲಿ ಹೆಸರೇ ತೋರಿಸಲ್ಲ, ಬರೀ ನಂಬರು."

"ಎಸ್ರೇ ಇಲ್ದಿದ್ಮೇಲೆ ಯಾಕೆ ಬರ್ಕತ್ತೀರಿ?"

"ಕಾರು ಅಮ್ಮ," ಎಂದೆ.

"ಕಾರು ಇವತ್ತಿಲ್ದಿದ್ರೆ ಮುಂದ್ಲ ತಿಂಗ್ಳು ಬತ್ತದೆ. ಕೂಸು, ನಿಂಗೆ ತಿಳಿಯಕಿಲ್ಲ ಇದೆಲ್ಲ."

ಕಾರು ಮುಂದಿನ ವಾರವೇ ಬಂತು, ಮಾಂಬಳ್ಳಿಯಿಂದ ಮಾರಯ್ಯ ಎಂಬ ಮುದುಕರನ್ನೂ ಅಗರದಿಂದ ಒಬ್ಬ ಹೆಂಗಸನ್ನೂ ಹತ್ತಿಸಿಕೊಂಡಿತು. ಪಟ್ಟಿ ಹಿಡಿದು ಮುಂದಿನ ಸೀಟಿನ ಪಕ್ಕ ನಿಂತಿದ್ದವಳು ನಾನೇ. ರೂಪ ಮನೆಯಿಂದ ಹೊರಗೆ ಬರಲಿಲ್ಲ. ಚಾಮುಂಡಮ್ಮ ಕಾರಿನೊಳಗೆ ಇಣುಕಿ, "ಜಾಗ ಇನ್ನೂ ಅದಲ್ಲ ಮೇಡಮ್ಮೋರೆ" ಎಂದರು. ಇತ್ತು. ಡ್ರೈವರ್ ಬಾಗಿಲು ಹಾಕಿಕೊಂಡ.

ಆ ಭಾನುವಾರ ನಾನೇ ಅಗರಕ್ಕೆ ಹೋಗಿ, ನನ್ನ ರಜೆಯ ದಿನ ಬಸ್ಸಿನಲ್ಲಿ ರೂಪಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ, ಯಾವ ಕಿಟಕಿಗೆ ಹೋಗಬೇಕೆಂದು ಕೇಳಿ ತಿಳಿದುಕೊಂಡಿದ್ದೇನೆ ಎಂದೆ. ಜಡೇಸ್ವಾಮಿ ಕೂಡಲೇ ಒಪ್ಪಿದರು. ಚೆಲುವಮ್ಮ ಯುಗಾದಿ ಕಳೆಯಲಿ ಎಂದರು. ಹಬ್ಬಕ್ಕೆ ಅಳಿಯ ಬಂದರೂ ಬರಬಹುದು, ಬಂದಾಗ ಮಗಳು ಆಸ್ಪತ್ರೆಯಲ್ಲಿದ್ದರೆ ಚೆನ್ನಾಗಿರುವುದಿಲ್ಲ. ರೂಪ ನನ್ನ ಮೊಣಕೈ ಹಿಡಿದುಕೊಂಡು, "ಅಬ್ಬ ಕಳೀಲಿ ಅಕ್ಕ. ಅಷ್ಟರಲ್ಲಿ ನಾನೇನು ಓಡೋಗಕಿಲ್ಲ, ಓಡಕೂ ಆಗಕಿಲ್ಲ" ಎಂದಳು. ಅವಳ ಪಾದಗಳು ಊದಿದ್ದವು. ಚಪ್ಪಲಿಯ ಪಟ್ಟಿ ಬಿಚ್ಚಿಟ್ಟಿದ್ದಳು.

ಹಬ್ಬಕ್ಕೆ ಅಳಿಯ ಬರಲಿಲ್ಲ. ಹಬ್ಬ ಕಳೆದು, ನಾವು ಹೋಗಬೇಕೆಂದುಕೊಂಡಿದ್ದ ದಿನಕ್ಕೆ ಮೊದಲೇ ಒಂದು ಬೆಳಿಗ್ಗೆ ಚಾಮುಂಡಮ್ಮ ಅವರಿವರನ್ನು ಕೇಳಿ ನನ್ನ ನಂಬರ್ ಹಿಡಿದು ಫೋನ್ ಮಾಡಿದರು. ರೂಪ ಕೂತಲ್ಲೇ ಹೋಗಿಬಿಟ್ಟಿದ್ದಳು, ಬೀರುವಿಗೆ ಒರಗಿದ ಹಾಗೆಯೇ. ಮುಟ್ಟಿ ಎಬ್ಬಿಸಲು ಹೋದಾಗಲೇ ಗೊತ್ತಾದದ್ದಂತೆ. ನಾನು ಬಸ್ ನಿಲ್ದಾಣಕ್ಕೆ ಬಂದು ನಿಂತೆ, ಬಸ್ಸು ಬಂತು, ಹತ್ತಲಿಲ್ಲ. ಮನೆಗೆ ವಾಪಸಾದೆ. ಅಮ್ಮ ಯಾಕೆ ಎಂದಾಗ ತಲೆನೋವು ಎಂದೆ.

ಉಳಿದದ್ದನ್ನು ಆಮೇಲೆ ಚಾಮುಂಡಮ್ಮನೇ ಹೇಳಿದರು. ಗಂಡ ಬಂದು ಸೀರೆ ಹೊದಿಸುವ ತನಕ ಮಣ್ಣು ಮಾಡಲು ಬಿಡುವುದಿಲ್ಲ ಎಂದು ಚೆಲುವಮ್ಮ ಹಟ ಹಿಡಿದರಂತೆ. ಮಧ್ಯಾಹ್ನ ಇಳಿದ ಮೇಲೆ ಬಂದ. ಹಸಿರು ಬಳೆ ತೊಡಿಸಿ, ಅವನ ಕೈಯಿಂದಲೇ ಕುಂಕುಮ ಇಡಿಸಿ, ಮುತ್ತೈದೆ ಸಾವೆಂದು ಮಾಡಿದರು. ಬಿಟ್ಟವಳು ಎಂಬ ಮಾತು ಯಾರೂ ಆಡಲಿಲ್ಲ. ತಿಥಿಯ ಊಟ ಮುಗಿದ ಮೇಲೆ ಅವನ ಕಡೆಯ ಹಿರಿಯರು ಜಗುಲಿಯಲ್ಲಿ ಕೂತು ಕೇಳಿದರು. ಕೊನೆತನಕ ಇವನ ಹೆಂಡತಿಯಾಗಿದ್ದಳು ಅಂತ ನೀವೇ ಸೀರೆ ಹಾಕಿಸಿಕೊಂಡಿರಿ. ಮನೆ ಕಟ್ಟುತ್ತಿದ್ದಾರೆ, ಅವರ ಸಾಮಾನು ನಮ್ಮಲ್ಲಿದೆ ಅಂತ ನೀವೇ ಊರಿಗೆಲ್ಲ ಹೇಳಿದಿರಿ. ಮತ್ತೆ ಇದು ಇಲ್ಲಿ ಯಾಕಿರಬೇಕು? ಅಗರದ ಯಾರ ಬಾಯಿಂದಲೂ ಇಲ್ಲ ಎನ್ನುವ ಮಾತು ಹೊರಡಲಿಲ್ಲ. ಊರವರೆಲ್ಲ ಅದಕ್ಕೆ ಹೂಂ ಅಂದವರೇ ತಾನೆ. ಗೂಡ್ಸ್ ಆಟೋ ಬಂತು. ಫ್ರಿಡ್ಜಿನೊಳಗಿದ್ದ ಹಿಟ್ಟನ್ನು ಚೆಲುವಮ್ಮನ ಮೊರಕ್ಕೆ ಸುರಿದು, ಡಬ್ಬ ಎತ್ತಿಟ್ಟುಕೊಂಡರಂತೆ. ಡಬ್ಬವೂ ಮದುವೆಯದೇ.

ಎದೆಯ ತೊಂದರೆ ಇದ್ದವರ ಮನೆಗೆ ಮೂರು ತಿಂಗಳ ನಂತರ ಇನ್ನೊಂದು ಸಲ ಹೋಗಿ, ಅವರು ಇದ್ದಾರೋ ಇಲ್ಲವೋ ಬರೆದುಕೊಂಡು, ಮೊದಲಿನ ಪ್ರಶ್ನೆಗಳನ್ನೂ ಮತ್ತೆ ಕೇಳಬೇಕು. ಅಗರವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಸಾರ್‌ಗೆ ಕೇಳಿಕೊಂಡೆ. "ಹೊಸಬರು ಹೋಗಿ ಅದನ್ನೆಲ್ಲ ಕೇಳೋದು ಇನ್ನೂ ಕೆಟ್ಟದಲ್ವಾ" ಎಂದರು. ಅದು ನಿಜವಾಗಿತ್ತು.

ಮನೆ ಈಗ ದೊಡ್ಡದಾಗಿ ಕಾಣುತ್ತಿತ್ತು. ಸಾಮಾನು ನಿಂತಿದ್ದ ಕಡೆ ಗೋಡೆಯ ಸುಣ್ಣ ಬೆಳ್ಳಗಿತ್ತು. ಚೆಲುವಮ್ಮ ಚಾಪೆಯ ಮೇಲೆ ಅಲಸಂದೆಕಾಳು ಬಿಡಿಸುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸರಿದು ಜಾಗ ಕೊಟ್ಟರು. ನಾನೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡೆ. ಅವು ಬಿಡಿಸಿ ಮುಗಿಯುವಷ್ಟರಲ್ಲಿ ಅವರೇ, "ಕೇಳೋದಿದ್ರೆ ಕೇಳ್ಬುಡು ಕೂಸು, ಬಸ್ಸಿಗೆ ಒತ್ತಾಯ್ತದೆ" ಎಂದರು.

"ಫ್ರಿಡ್ಜ್..." ಎಂದೆ.

"ಇಲ್ಲ."

"ಬೀರು?"

"ಇಲ್ಲ. ಮಂಚನೂ ಇಲ್ಲ. ಎಲ್ಲಾಕೂ ಇಲ್ಲ ಅಂತ ಒತ್ಬುಡು."

ಐದನೇ ದರ್ಜೆ ಎಂದು ಬಂತು. ಅದರ ಕೆಳಗೆ, ಈ ಮನೆಯಲ್ಲಿ ಎದೆಯ ತೊಂದರೆ ಇರುವವರು ಇದ್ದರೆ ಕಾರಿನ ಪಟ್ಟಿಗೆ ಸೇರಿಸಿ ಎಂದು ಹಸಿರು ಅಕ್ಷರ. ನಾನು ಹೊರಗೆ ಹೋಗಿ ಸಾರ್‌ಗೆ ಫೋನ್ ಮಾಡಿದೆ.

"ಸಾರ್, ರೂಪಳ ಸಾವು ಯಾವುದಕ್ಕೆ ಹೋಗುತ್ತೆ? ಐದಕ್ಕಾ?"

"ಇಲ್ಲಮ್ಮ, ಮೊದಲ ಸಲ ಇದ್ದ ದರ್ಜೆಗೆ. ಎರಡಕ್ಕೆ."

"ಅನುಕೂಲಸ್ಥರ ಸಾವು ಅಂತ?"

"ಲೆಕ್ಕದಲ್ಲಿ ಹಾಗೇ ಬರುತ್ತೆ."

"ಅದು ತಪ್ಪು ಸಾರ್," ಎಂದೆ. ಅವರೆದುರಿಗಾಗಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

"ತಪ್ಪು ಅಂತ ನನಗೂ ಗೊತ್ತು ದೀಪ." ಆ ಕಡೆ ಕುರ್ಚಿ ಸರಿದ ಸದ್ದು. "ಒಂದು ಕೆಲಸ ಮಾಡು. ಆವತ್ತಿದ್ದ ಸಾಮಾನು ನಮ್ಮದಲ್ಲ ಅಂತ ಆ ತಾಯಿ ಈಗಲಾದರೂ ಒಂದು ಮಾತು ಹೇಳಲಿ. ಇವತ್ತೇ ತಿದ್ದುತ್ತೀನಿ. ಲೆಕ್ಕವಾದರೂ ಸರಿಹೋಗುತ್ತೆ."

ಒಳಗೆ ಬಂದು ಚೆಲುವಮ್ಮನ ಪಕ್ಕ ಕೂತೆ. ಹೇಗೆ ಹೇಳಬೇಕೆಂದು ತಿಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಡವರು ಎಷ್ಟು ಸಾಯುತ್ತಾರೆ, ಇದ್ದವರು ಎಷ್ಟು ಸಾಯುತ್ತಾರೆ ಎಂದು ಲೆಕ್ಕ ಹಾಕುತ್ತಾರೆ, ನಿಮ್ಮ ರೂಪ ಈಗ ಇದ್ದವರ ಕಡೆ ಸೇರಿದ್ದಾಳೆ, ಆ ಸಾಮಾನು ನಮ್ಮದಾಗಿರಲಿಲ್ಲ ಎಂದು ನೀವು ಅಂದರೆ ಈ ಕಡೆಗೆ ಬರುತ್ತಾಳೆ, ಅದರಿಂದ ಮುಂದಕ್ಕೆ ಯಾರಿಗಾದರೂ ಒಳ್ಳೆಯದಾದರೂ ಆಗಬಹುದು.

ಅವರು ಕಾಳು ಬಿಡಿಸುವುದನ್ನು ನಿಲ್ಲಿಸಿದರು.

"ಅದ್ರಲ್ಲಿ ಈಗ ಏನಂತ ಅದೆ? ಫ್ರಿಡ್ಜು, ಬೀರು, ಎಲ್ಲ?"

"ಎಲ್ಲ ನಿಮ್ಮ ಮನೆಯದೇ ಅಂತ ಇದೆ."

"ಅವಳೂ ಯೋಳಿದ್ಳಲ್ಲ. ನಮ್ದೆ ಸಾ ಅಂತ."

"ಹೂಂ."

"ಊರೋರು ಅವ್ರ್ದು ಅಂದ್ರು. ಇರೀಕರು ಅವ್ರ್ದು ಅಂದ್ರು. ಎತ್ಕಂಡೂ ಓದ್ರು." ಸಿಪ್ಪೆಯನ್ನು ಒಂದು ಕಡೆಗೆ ಗುಡಿಸಿದರು. "ಅವಳ್ದು ಅಂತ ಅಲ್ಲೊಂದ್ ಕಡೆ ಉಳ್ಕಂಡದೆ. ಅದ್ನೂ ಅಳಿಸ್ಬೇಕಾ?"

ನಾನು ಇನ್ನೊಂದು ಕಾಯಿ ತೆಗೆದು ಬಿಡಿಸತೊಡಗಿದೆ.

"ಇರ್ಲಿ ಬುಡು ಕೂಸು. ಅಳಿಸ್ಬೇಡ."

ಬಸ್ಸಿಗೆ ಕಾಯುತ್ತಾ ಸಾರ್‌ಗೆ ಫೋನ್ ಮಾಡಿ, ಮನೆಯವರು ಸಾಮಾನು ತಮ್ಮದೇ ಅನ್ನುತ್ತಾರೆ, ತಿದ್ದುವುದು ಬೇಡ ಎಂದೆ. ಅವರು ಆಗಲಿ ಎಂದರು.